ಎಸೆದ ಡಬ್ಬಿಯಲ್ಲಿ ಕುದಿದ ಚಹಾ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬೆಳೆ ವಿಮೆಯ ಸುದ್ದಿಗೆಂದು ಹೊರಟಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಕುರಿ ಹಿಂಡು ಕಂಡಿತು. ಗೊಬ್ಬರ ಆಗಲಿ ಎಂದು ಹೊಲದವರು ರಾತ್ರಿ ಕುರಿ ನಿಲ್ಲಿಸಿಕೊಂಡಿದ್ದರು. ಬೈಕ್ ನಿಲ್ಲಿಸಿದೆ. ಕುರಿಗಾಹಿ ಅಜ್ಜ ಮೂರು ಕಲ್ಲಿನ ಒಲೆ ಹೂಡಿ ಚಹಾ ಕುದಿಸುತ್ತಿದ್ದ. ಪಾತ್ರೆ ಯಾವುದು ಎಂದು ನೋಡಿದರೆ ಹಾಲಿನ ಪುಡಿಯ ಖಾಲಿ ಡಬ್ಬಿ. ಬಾಯಿಯ ಅಂಚಿನ ಕೆಳಗೆ ಎದುರುಬದುರು ಎರಡು ತೂತು, ಅದಕ್ಕೆ ಸೆಂಟ್ರಿಂಗ್ ಕಟ್ಟುವ ತಂತಿಯ ಹಿಡಿಕೆ. ಹೊರಗೆ ಇದ್ದಿಲಿನಂತೆ ಕಪ್ಪು, ಒಳಗೆ ಇನ್ನೂ ಹೊಳಪು.

"ಇದನ್ನ ಎಲ್ಲಿ ತಗೊಂಡ್ರಿ ಅಜ್ಜಾ?" ಎಂದೆ. ನನ್ನ ಪ್ರಶ್ನೆಗೆ ಅವನಿಗೆ ನಗು ಬಂತು. "ಇದನ್ಯಾರ್ ಮಾರ್ತಾರೋ ತಮ್ಮಾ? ನಾವ ಮಾಡ್ಕೊಂಡಿದ್ದು."

ಚಹಾ ಚೆನ್ನಾಗಿತ್ತು, ಸ್ವಲ್ಪ ಹೊಗೆ ವಾಸನೆ. ವಿಮೆಯ ಸುದ್ದಿ ಆ ದಿನ ಸಿಗಲಿಲ್ಲ. ಆದರೆ ಆ ಎರಡು ತೂತು ತಲೆಯಲ್ಲಿ ಉಳಿದವು. ಯಾಕೆಂದರೆ ಅದೇ ಎರಡು ತೂತು, ಅದೇ ತಂತಿ, ಅದೇ ಕಪ್ಪು ಡಬ್ಬಿಯನ್ನು ನಾನು ಆಸ್ಟ್ರೇಲಿಯಾದ ಹಳೆಯ ಚಿತ್ರಗಳಲ್ಲಿ ನೋಡಿದ್ದೆ. ಊರು ಬಿಟ್ಟು ದುಡಿಯಲು ಹೋದವರು, ಒಬ್ಬರನ್ನೊಬ್ಬರು ಕಾಣದೆಯೇ, ಕೈಯಾರೆ ಮಾಡಿಕೊಂಡ ಪಾತ್ರೆ ಇದು.

ಮೊದಲು ಒಂದು ಮಾತು. ಡಬ್ಬಿ ಬರುವ ಮುಂಚೆ ದಾರಿಯಲ್ಲಿ ಅಡುಗೆ ಮಾಡಿಕೊಳ್ಳುವವರ ಕಷ್ಟ ಏನು? ಮಣ್ಣಿನ ಗಡಿಗೆ ಅಗ್ಗ, ಆದರೆ ಗಾಡಿಯ ಒಂದು ಕುಲುಕಿಗೆ ಒಡೆಯುತ್ತದೆ. ತಾಮ್ರ, ಹಿತ್ತಾಳೆ ಒಡೆಯುವುದಿಲ್ಲ, ಆದರೆ ಭಾರ, ದುಬಾರಿ, ಕಳ್ಳರ ಕಣ್ಣು ಬೇರೆ. ಅದರ ಮೇಲೆ ಕಲಾಯಿ ಹಾಕಿಸಬೇಕು. ನಲವತ್ತು ದಾಟಿದ ಓದುಗರಿಗೆ ಕಲಾಯಿಯವರು ಊರಿಗೆ ಬರುತ್ತಿದ್ದ ದಿನ ನೆನಪಿರಬೇಕು. ನೆಲದಲ್ಲಿ ಕುಣಿ ತೋಡಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಎರಚಿದರೆ ಬಿಳಿ ಹೊಗೆ ಏಳುತ್ತಿತ್ತು. ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯಂತಾಗುತ್ತಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬು.

ನಾವು ತಗಡಿನ ಡಬ್ಬಿ ಎನ್ನುವುದೂ ಕಲಾಯಿ ಹಾಕಿದ ಪಾತ್ರೆಯೇ. ಒಳಗೆ ತಾಮ್ರದ ಬದಲು ತೆಳ್ಳಗಿನ ಕಬ್ಬಿಣದ ಹಾಳೆ, ಮೇಲೆ ಅದೇ ತವರ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಖಾನೆಗಳು ಇಂಥ ತಗಡನ್ನು ರಾಶಿ ರಾಶಿ ತಯಾರಿಸಿ ಜಗತ್ತಿಗೆಲ್ಲ ಕಳಿಸುತ್ತಿದ್ದವು.

ಅದರಲ್ಲಿ ಊಟ ತುಂಬಿಡುವ ಯೋಚನೆ ಬಂದದ್ದು ಯುದ್ಧದಿಂದ. ದೂರ ಹೋದ ಸೈನ್ಯಕ್ಕೆ, ತಿಂಗಳುಗಟ್ಟಲೆ ಸಮುದ್ರದಲ್ಲಿರುವ ನಾವಿಕರಿಗೆ ಕೆಡದ ಆಹಾರ ಬೇಕಿತ್ತು. ಫ್ರಾನ್ಸಿನ ಮಿಠಾಯಿಗಾರ ನಿಕೋಲಾ ಅಪೇರ್, ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಬಿರಡೆ ಹಾಕಿ, ಬಾಟಲಿ ಸಮೇತ ಕುದಿಸಿದರೆ ಕೆಡುವುದಿಲ್ಲ ಎಂದು ತೋರಿಸಿದ. 1810ರಲ್ಲಿ ಫ್ರಾನ್ಸ್ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಪೀಟರ್ ಡ್ಯುರಾಂಡ್ ಎಂಬ ವ್ಯಾಪಾರಿ ಗಾಜಿನ ಬದಲು ತವರ ಲೇಪಿಸಿದ ಕಬ್ಬಿಣದ ಡಬ್ಬಿಯನ್ನೂ ಸೇರಿಸಿ ಪೇಟೆಂಟ್ ಪಡೆದ. ಅದನ್ನು ಕೊಂಡುಕೊಂಡ ಬ್ರಯಾನ್ ಡಾಂಕಿನ್ ಮತ್ತು ಜಾನ್ ಹಾಲ್ ಲಂಡನ್ನಿನ ಬರ್ಮಂಡ್ಸಿಯಲ್ಲಿ ಕಾರ್ಖಾನೆ ಹಾಕಿದರು. 1813ರ ಹೊತ್ತಿಗೆ ಬ್ರಿಟಿಷ್ ಸೇನೆ, ನೌಕಾಪಡೆಗೆ ಡಬ್ಬಿ ಮಾಂಸ ಹೋಗತೊಡಗಿತು.

ತಮಾಷೆ ಏನೆಂದರೆ ಡಬ್ಬಿ ಬಂತು, ಅದನ್ನು ತೆಗೆಯುವ ಸಾಧನ ಬರಲಿಲ್ಲ. ಸುತ್ತಿಗೆ, ಉಳಿ ಹಿಡಿದು ಹೊಡೆಯಬೇಕಿತ್ತು. ಡಬ್ಬಿ ತೆಗೆಯುವ ಓಪನರಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1855ರಲ್ಲಿ, ಡಬ್ಬಿ ಬಂದು ನಲವತ್ತೈದು ವರ್ಷವಾದ ಮೇಲೆ.

ಹೀಗೆ ಉಳಿಯಿಂದ ಒಡೆದು, ಮಾಂಸ ತಿಂದು, ಎಸೆದ ಡಬ್ಬಿಯ ಕಥೆ ಕಂಪನಿಯ ಪುಸ್ತಕದಲ್ಲಿ ಅಲ್ಲಿಗೆ ಮುಗಿಯುತ್ತದೆ. ನಮ್ಮ ಕಥೆ ಶುರುವಾಗುವುದೇ ಅಲ್ಲಿಂದ.

1851ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಆಮೇಲೆ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ಸಲಿಕೆ ಹಿಡಿದು ಕಾಡಿಗೆ ನುಗ್ಗಿದರು. ಚಿನ್ನದ ಆಸೆ ತೀರಿದ ಮೇಲೆ ಬಹಳ ಮಂದಿ ಕೂಲಿ ಹುಡುಕುತ್ತ ಅಲೆದರು. ಕುರಿ ಉಣ್ಣೆ ಕತ್ತರಿಸುವ ಕಾಲಕ್ಕೆ ಒಂದು ಫಾರಂ, ಅದು ಮುಗಿದರೆ ಮತ್ತೊಂದು. ಇಂಥ ಅಲೆಮಾರಿ ಕೂಲಿಯವರಿಗೆ ಅಲ್ಲಿ 'ಸ್ವಾಗ್‌ಮನ್' ಎಂದು ಹೆಸರು. ಹೆಗಲ ಮೇಲೆ ಕಂಬಳಿ ಸುರುಳಿ, ಕೈಯಲ್ಲಿ ತಂತಿ ಹಿಡಿಕೆಯ ತಗಡಿನ ಡಬ್ಬಿ. ಆ ಡಬ್ಬಿಗೆ 'ಬಿಲ್ಲಿ' ಎನ್ನುತ್ತಿದ್ದರು. ಹೆಸರು ಎಲ್ಲಿಂದ ಬಂತೆಂದು ಪಂಡಿತರಲ್ಲಿ ಇನ್ನೂ ಜಗಳವಿದೆ. ಬೇಯಿಸಿದ ಮಾಂಸದ ಡಬ್ಬಿಯ ಫ್ರೆಂಚ್ ಹೆಸರು 'ಬುಯಿ'ಯಿಂದ ಎಂದು ಕೆಲವರು, ಸ್ಕಾಟ್ಲೆಂಡಿನ ಅಡುಗೆಮನೆಯ ಮಾತಿನಿಂದ ಎಂದು ಕೆಲವರು, ಅಲ್ಲಿಯ ಮೂಲನಿವಾಸಿಗಳ ಮಾತಿನಿಂದ ಎಂದು ಇನ್ನು ಕೆಲವರು ಹೇಳುತ್ತಾರೆ.

ಬಿಲ್ಲಿಯಲ್ಲಿ ಚಹಾ ಮಾಡುವುದಕ್ಕೆ ಒಂದು ವರಸೆ ಇತ್ತು. ನೀರು ಕುದಿ ಬಂದ ಮೇಲೆ ಸೊಪ್ಪು ಹಾಕಿ, ಕೆಳಗಿಳಿಸಿ, ಹಿಡಿಕೆ ಹಿಡಿದು ತೋಳು ಚಾಚಿ ಗರಗರ ಸುತ್ತುವುದು. ನಾವು ಸಣ್ಣವರಿದ್ದಾಗ ನೀರಿನ ಬಕೆಟ್ ತಿರುಗಿಸಿ, ಹನಿ ಚೆಲ್ಲಲಿಲ್ಲ ಎಂದು ಕುಣಿಯುತ್ತಿದ್ದೆವಲ್ಲ, ಹಾಗೆಯೇ. ಸುತ್ತಿದ ರಭಸಕ್ಕೆ ಸೊಪ್ಪೆಲ್ಲ ತಳಕ್ಕೆ ಕೂರುತ್ತದೆ, ಸೋಸುವ ಕೆಲಸವಿಲ್ಲ. ಕುದಿಯುವ ನೀರು, ತಂತಿಯ ಹಿಡಿಕೆ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ.

ಬಿಲ್ಲಿ ಅಲ್ಲಿ ಎಷ್ಟು ಬೆಳೆಯಿತೆಂದರೆ, ಬಾಂಜೋ ಪ್ಯಾಟರ್ಸನ್ 1895ರಲ್ಲಿ ಬರೆದ 'ವಾಲ್ಟ್ಸಿಂಗ್ ಮಟಿಲ್ಡಾ' ಹಾಡಿನಲ್ಲಿ ಸ್ವಾಗ್‌ಮನ್ ಬಿಲ್ಲಿ ಕುದಿಯಲಿಟ್ಟು ಕಾಯುತ್ತಾನೆ. ಆ ದೇಶದವರು ಇವತ್ತಿಗೂ ತಮ್ಮ ಎರಡನೇ ರಾಷ್ಟ್ರಗೀತೆಯಂತೆ ಹಾಡುವ ಹಾಡು ಅದು. ಮರುವರ್ಷ ಹೆನ್ರಿ ಲಾಸನ್ ತನ್ನ ಕಥಾ ಸಂಕಲನಕ್ಕೆ ಹೆಸರಿಟ್ಟದ್ದು 'ವೈಲ್ ದ ಬಿಲ್ಲಿ ಬಾಯ್ಲ್ಸ್', ಅಂದರೆ ಬಿಲ್ಲಿ ಕುದಿಯುವಷ್ಟು ಹೊತ್ತು.

ಇಲ್ಲಿ ನಮ್ಮ ದೇಶವೂ ಬರುತ್ತದೆ. ಜೇಮ್ಸ್ ಇಂಗ್ಲಿಸ್ ಎಂಬ ಸ್ಕಾಟ್ಲೆಂಡಿನವನು ಬಿಹಾರದ ಕಡೆ ನೀಲಿ ತೋಟ ಮಾಡಿಸುತ್ತಿದ್ದ. ಅಲ್ಲಿಂದ ಆಸ್ಟ್ರೇಲಿಯಾಕ್ಕೆ ಹೋಗಿ ಭಾರತದ ಚಹಾ ಮಾರುವ ಕೆಲಸ ಹಿಡಿದ. ಅಲ್ಲಿಯವರೆಗೆ ಅಲ್ಲಿನ ಜನ ಹೆಚ್ಚಾಗಿ ಚೀನಾದ ಚಹಾ ಕುಡಿಯುತ್ತಿದ್ದರು. ಇಂಗ್ಲಿಸ್ ತನ್ನ ಚಹಾಪುಡಿಗೆ 'ಬಿಲ್ಲಿ ಟೀ' ಎಂದೇ ಹೆಸರಿಟ್ಟ. 1903ರಲ್ಲಿ ಅವನ ಕಂಪನಿ ಪ್ಯಾಟರ್ಸನ್‌ನ ಅದೇ ಹಾಡನ್ನು ಸ್ವಲ್ಪ ತಿದ್ದಿಸಿ ಜಾಹೀರಾತಿಗೆ ಬಳಸಿತು. ಇವತ್ತು ಜನ ಹಾಡುವುದು ಹೆಚ್ಚುಕಡಿಮೆ ಆ ತಿದ್ದಿದ ರೂಪವನ್ನೇ. ಕೂಲಿಯವನು ಕೈಯಾರೆ ಮಾಡಿಕೊಂಡ ಪಾತ್ರೆಯ ಹೆಸರಿನಲ್ಲಿ ಕಂಪನಿಗೆ ಲಾಭ. ಹೊಸ ಕಥೆಯೇನಲ್ಲ ಬಿಡಿ.

ಅಮೆರಿಕದಲ್ಲಿ ಇದೇ ಪಾತ್ರೆ ರೈಲು ಹಳಿಯ ಪಕ್ಕದಲ್ಲಿ ಹುಟ್ಟಿತು. 1865ರಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿದ ಮೇಲೆ ರೈಲು ದಾರಿ ದೇಶದುದ್ದಕ್ಕೂ ಹಬ್ಬಿತು. ಗೋಧಿ ಕೊಯ್ಲಿಗೆ, ಮರ ಕಡಿಯಲಿಕ್ಕೆ, ಹಣ್ಣು ಕೀಳಲಿಕ್ಕೆ ಗೂಡ್ಸ್ ಗಾಡಿಯಲ್ಲಿ ಟಿಕೆಟ್ ಇಲ್ಲದೆ ಹತ್ತಿ ಹೋಗುವ ಕೂಲಿಯವರು ಹುಟ್ಟಿಕೊಂಡರು. ಅವರಿಗೆ 'ಹೋಬೊ' ಎಂದು ಹೆಸರು. ಸ್ಟೇಷನ್ನಿನಿಂದ ಸ್ವಲ್ಪ ದೂರ, ನೀರು ಮತ್ತು ಸೌದೆ ಇರುವ ಕಡೆ ಅವರು ತಂಗುತ್ತಿದ್ದರು. ಆ ಜಾಗಕ್ಕೆ ಅವರಿಟ್ಟ ಹೆಸರು 'ಜಂಗಲ್'. ಹೌದು, ನಮ್ಮ ಕಡೆಯಿಂದಲೇ ಇಂಗ್ಲಿಷಿಗೆ ಹೋದ ಮಾತು. ಯಾರೋ ಎಸೆದ ಟೊಮೆಟೊ ಡಬ್ಬಿ ಲೋಟವಾಗುತ್ತಿತ್ತು, ದೊಡ್ಡ ಡಬ್ಬಿ ಪಾತ್ರೆಯಾಗುತ್ತಿತ್ತು. ಒಬ್ಬ ಆಲೂಗಡ್ಡೆ ತಂದರೆ ಇನ್ನೊಬ್ಬ ಈರುಳ್ಳಿ, ಮತ್ತೊಬ್ಬ ಮಾಂಸದ ಚೂರು. ಎಲ್ಲ ಒಂದೇ ಡಬ್ಬಿಯಲ್ಲಿ ಬೇಯುತ್ತಿತ್ತು.

ನೆಲ್ಸ್ ಆಂಡರ್ಸನ್ ಎಂಬಾತ ತಾನೂ ಹಾಗೆ ಅಲೆದವನು. ಆಮೇಲೆ ಚಿಕಾಗೊದಲ್ಲಿ ಓದಿ, 1923ರಲ್ಲಿ 'ದ ಹೋಬೊ' ಎಂಬ ಪುಸ್ತಕ ಬರೆದ. ಅದರಲ್ಲಿ ಜಂಗಲ್ಲಿನ ಕಟ್ಟಳೆಗಳನ್ನು ಕೊಟ್ಟಿದ್ದಾನೆ. ಪೊಲೀಸರು ದಾಳಿ ಮಾಡುವ ಜಾಗದಲ್ಲಿ ರಾತ್ರಿ ಬೆಂಕಿ ಹಚ್ಚುವುದು ತಪ್ಪು. ಮಲಗಿದವನ ಜೇಬಿಗೆ ಕೈ ಹಾಕುವುದು ತಪ್ಪು. ಉಂಡ ಮೇಲೆ ಉಳಿದದ್ದನ್ನು ಹಾಳು ಮಾಡುವುದು ತಪ್ಪು. ಸೌದೆ ಆರಿಸಿ ತರದೆ ಅಡುಗೆಗೆ ಕೂರುವುದು ತಪ್ಪು. ಪಾತ್ರೆಯನ್ನು ತೊಳೆಯದೆ ಬಿಟ್ಟು ಹೋಗುವುದು ತಪ್ಪು, ಒಡೆದು ಹಾಕುವುದಂತೂ ದೊಡ್ಡ ತಪ್ಪು.

ನನಗೆ ಈ ಪಟ್ಟಿ ಬಹಳ ಇಷ್ಟ. ಕಾಸಿಗೂ ಬಾರದ ಡಬ್ಬಿ, ಯಾರ ಸ್ವತ್ತೂ ಅಲ್ಲ. ಆದರೂ ನಾಳೆ ಬರುವ ಗುರುತಿಲ್ಲದ ಮನುಷ್ಯನಿಗಾಗಿ ತೊಳೆದಿಡಬೇಕು. ನಮ್ಮ ಸಮುದಾಯ ಭವನಗಳ ಅಡುಗೆಮನೆಯಲ್ಲಿ ಈ ಪಟ್ಟಿ ಬರೆಸಿ ಹಾಕಬಹುದು.

ಇಲ್ಲಿಯವರೆಗೆ ಊಟದ ಡಬ್ಬಿಯ ಮಾತಾಯಿತು. ನಮ್ಮ ಹಳ್ಳಿಗಳಲ್ಲಿ ಡಬ್ಬಿ ಆಹಾರ ಯಾರು ತಿನ್ನುತ್ತಿದ್ದರು? ನಮಗೆ ತಗಡು ಬಂದದ್ದು ಬೆಳಕಿನ ಜೊತೆ. ಸೀಮೆಎಣ್ಣೆ, ನಮ್ಮ ಕೆಲವು ಕಡೆ ಚಿಮಣಿ ಎಣ್ಣೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಏಷ್ಯಾಕ್ಕೆ ಸೀಮೆಎಣ್ಣೆ ಕಳಿಸುತ್ತಿದ್ದವರಲ್ಲಿ ದೊಡ್ಡವರು ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ. ಚೌಕ ಡಬ್ಬಿ, ಒಂದೊಂದರಲ್ಲಿ ಸುಮಾರು 18 ಲೀಟರ್, ಎರಡೆರಡು ಡಬ್ಬಿ ಒಂದು ಮರದ ಪೆಟ್ಟಿಗೆಯಲ್ಲಿ. ಡಬ್ಬಿಯ ಬಣ್ಣ ನೀಲಿ. ಇವರಿಗೆ ಪೈಪೋಟಿ ಕೊಡಲು ಹೊರಟವನು ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್. ಅವನ ಅಪ್ಪ ಸಮುದ್ರದ ಚಿಪ್ಪಿನ ವ್ಯಾಪಾರಿ. ಶೆಲ್ ಕಂಪನಿಗೆ ಆ ಹೆಸರು ಬಂದದ್ದೇ ಅದರಿಂದ. ಸ್ಯಾಮ್ಯುಯೆಲ್ ಲೆಕ್ಕ ಸರಳವಾಗಿತ್ತು. ಡಬ್ಬಿ, ಪೆಟ್ಟಿಗೆ ಎಂದು ಯಾಕೆ ಖರ್ಚು? ಹಡಗಿನ ಹೊಟ್ಟೆಗೇ ಎಣ್ಣೆ ಸುರಿದು ಒಯ್ದರೆ ಅಗ್ಗವಾಗುತ್ತದೆ. 1892ರಲ್ಲಿ ಅವನ 'ಮ್ಯೂರೆಕ್ಸ್' ಎಂಬ ಟ್ಯಾಂಕರ್ ಹಡಗು ರಷ್ಯಾದ ಎಣ್ಣೆ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿ ಪೂರ್ವಕ್ಕೆ ಬಂತು. ಜನ ತಮ್ಮ ತಮ್ಮ ಪಾತ್ರೆ ತಂದು ಅಗ್ಗದ ಎಣ್ಣೆ ತುಂಬಿಸಿಕೊಂಡು ಹೋಗುತ್ತಾರೆ ಎಂದು ಅವನ ನಂಬಿಕೆ.

ಜನ ಬರಲಿಲ್ಲ.

ಯಾಕೆಂದರೆ ಅವರಿಗೆ ಎಣ್ಣೆಯಷ್ಟೇ ಡಬ್ಬಿಯೂ ಬೇಕಿತ್ತು. ಪೂರ್ವದ ಊರುಗಳಲ್ಲಿ ಆ ನೀಲಿ ತಗಡು ಮನೆಯ ಚಾವಣಿ ಆಗಿತ್ತು, ಹಕ್ಕಿ ಪಂಜರ, ಲೋಟ, ಚಹಾ ಸೋಸುವ ಜರಡಿ, ಇದ್ದಿಲ ಒಲೆ ಆಗಿತ್ತು. ಎಣ್ಣೆ ಉರಿದು ಹೋಗುತ್ತದೆ, ಡಬ್ಬಿ ವರ್ಷಗಟ್ಟಲೆ ಮನೆಯಲ್ಲಿ ಇರುತ್ತದೆ. ಲಂಡನ್ನಿನಲ್ಲಿ ಕೂತ ವ್ಯಾಪಾರಿಗೆ ಇದು ಹೊಳೆದಿರಲಿಲ್ಲ. ಕೊನೆಗೆ ಅವನು ಹಡಗಿನ ತುಂಬ ತಗಡು ಕಳಿಸಿ, ಇಲ್ಲೇ ಡಬ್ಬಿ ಮಾಡಿಸಿ, ಎಣ್ಣೆ ತುಂಬಿ ಮಾರಬೇಕಾಯಿತು. ನೀಲಿಗೆ ಎದುರಾಗಿ ಕೆಂಪು ಬಣ್ಣ ಬಳಿಸಿದ. ತೈಲ ಉದ್ಯಮದ ಚರಿತ್ರೆಯಲ್ಲಿ ರಾಕೆಫೆಲರ್, ಸ್ಯಾಮ್ಯುಯೆಲ್ ಎಂದು ದೊಡ್ಡ ಹೆಸರುಗಳೇ ಇವೆ. ಆದರೆ ಒಂದು ಕಂಪನಿಯ ಯೋಜನೆಯನ್ನೇ ಬದಲಿಸಿದ್ದು, ಖಾಲಿ ಡಬ್ಬಿಯಿಂದ ಪಾತ್ರೆ ಮಾಡಿಕೊಳ್ಳುತ್ತಿದ್ದ ಹೆಸರಿಲ್ಲದ ಜನ.

ನಮ್ಮಲ್ಲೂ ಆ ಡಬ್ಬಿಗೆ ಬೇರೆ ಬೆಲೆ ಇತ್ತು. 1928ರಿಂದ ಬರ್ಮಾ ಷೆಲ್ ಹೆಸರಿನಲ್ಲಿ ಬರುತ್ತಿದ್ದ ಎಣ್ಣೆಯ ಡಬ್ಬಗಳನ್ನು ನಿಮ್ಮ ಅಜ್ಜ ಅಜ್ಜಿ ನೋಡಿರುತ್ತಾರೆ. ಆ ಕಂಪನಿಯೇ 1976ರಲ್ಲಿ ಸರ್ಕಾರದ ಕೈಗೆ ಬಂದು, ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಮುಚ್ಚಳ ಕತ್ತರಿಸಿ, ಬಾಯಿಗೆ ಅಡ್ಡಲಾಗಿ ಮರದ ತುಂಡು ಬಡಿದರೆ ನೀರು ಹೊರುವ ಕೊಡ. ಮೂರು ಕಲ್ಲಿನ ಮೇಲೆ ಇಟ್ಟರೆ ಸ್ನಾನದ ನೀರಿನ ಹಂಡೆ. ಮೂಲೆಯಿಂದ ಮೂಲೆಗೆ ಸೀಳಿದರೆ ಕಾಳು ತುಂಬುವ ಮೊಗೆ. ಜಾತ್ರೆಗೆ ಗಾಡಿ ಕಟ್ಟಿದಾಗ ಹೋಗುವಾಗ ಬುತ್ತಿ, ಹಿಟ್ಟು ಅದರಲ್ಲಿ, ಅಲ್ಲಿ ಇಳಿದ ಮೇಲೆ ನೀರು ಕಾಯಿಸುವುದೂ ಅದರಲ್ಲಿ. ನಮ್ಮ ಮನೆಯಲ್ಲಿ ಕಡೆಯ ಡಬ್ಬ ತುಕ್ಕು ಹಿಡಿದು ತಳ ಹೋದ ಮೇಲೂ ಅಜ್ಜಿ ಎಸೆಯಲು ಬಿಡಲಿಲ್ಲ. ತುಳಸಿ ಗಿಡ ನೆಟ್ಟಳು.

ಅದೇ ಅಳತೆಯ ತೆಳು ಡಬ್ಬಿ ಎರಡನೇ ಮಹಾಯುದ್ಧದಲ್ಲಿ ಮರುಭೂಮಿಗೂ ಹೋಯಿತು. ಉತ್ತರ ಆಫ್ರಿಕದಲ್ಲಿ ಬ್ರಿಟಿಷ್ ಸೇನೆಗೆ ಪೆಟ್ರೋಲ್ ಬರುತ್ತಿದ್ದದ್ದು 18 ಲೀಟರಿನ ತಗಡಿನ ಡಬ್ಬಿಯಲ್ಲಿ. ತೀರಾ ಕಳಪೆ ತಗಡು. ದಾರಿಯಲ್ಲೇ ಸುಮಾರು ಶೇ 30ರಷ್ಟು ಸೋರಿ ಹೋಗುತ್ತದೆ ಎಂದು ಸೇನೆಯ ಹಿರಿಯರೇ ದೂರುತ್ತಿದ್ದರು. ಆದರೆ ಸೈನಿಕರಿಗೆ ಆ ಡಬ್ಬಿ ವರವಾಯಿತು. ನಡುವೆ ಕತ್ತರಿಸಿ ಎರಡು ಭಾಗ ಮಾಡುವುದು. ಒಂದಕ್ಕೆ ಸುತ್ತ ತೂತು ಹೊಡೆದು, ಮರಳು ತುಂಬಿ, ಪೆಟ್ರೋಲ್ ಸುರಿದು ಕಡ್ಡಿ ಗೀರಿದರೆ ಒಲೆ. ಇನ್ನೊಂದು ಭಾಗ ಮೇಲಿಟ್ಟರೆ ಪಾತ್ರೆ. ಬೆಂಗಾಜಿ ಎಂಬ ಲಿಬಿಯಾದ ಊರಿನ ಹೆಸರು ಹಿಡಿದು ಅದನ್ನು 'ಬೆಂಗಾಜಿ ಬರ್ನರ್' ಎಂದು ಕರೆದರು. 1940ರಿಂದ ಅದೇ ಮರಳಿನಲ್ಲಿ ನಮ್ಮ ನಾಲ್ಕನೇ ಇಂಡಿಯನ್ ಡಿವಿಜನ್ ಕೂಡ ಕಾದಿತ್ತು. ಜರ್ಮನರ ಹತ್ತಿರ ಸೋರದ, ಗಟ್ಟಿಯಾದ 20 ಲೀಟರಿನ ಕ್ಯಾನ್ ಇತ್ತು. ಅದನ್ನು ಹಿಡಿದು, ನೋಡಿ, ನಕಲು ಮಾಡಿದರು. ನಾವು ಇವತ್ತು ಜೆರ್ರಿಕ್ಯಾನ್ ಎನ್ನುವುದು ಅದನ್ನೇ. 'ಜೆರ್ರಿ' ಎಂದರೆ ಸೈನಿಕರ ಮಾತಿನಲ್ಲಿ ಜರ್ಮನ್.

ಈಗ ಮಾಡುವ ವಿಧಾನಕ್ಕೆ ಬರೋಣ, ಯಾಕೆಂದರೆ ಇಲ್ಲಿ ಒಂದು ಅಪಾಯವಿದೆ.

ಕುರಿಗಾಹಿ ಅಜ್ಜ ಹೇಳಿದ ಪ್ರಕಾರ ಕೆಲಸ ಹತ್ತು ನಿಮಿಷದ್ದು. ಡಬ್ಬಿಯೊಳಗೆ ಕಟ್ಟಿಗೆಯ ತುಂಡು ಆನಿಸಿ, ಅಂಚಿನಿಂದ ಒಂದು ಬೆರಳು ಕೆಳಗೆ ಮೊಳೆಯಿಂದ ಎರಡು ಕಡೆ ತೂತು ಹೊಡೆಯಬೇಕು. ಕಟ್ಟಿಗೆ ಆನಿಸದಿದ್ದರೆ ಡಬ್ಬಿ ನೆಗ್ಗುತ್ತದೆ. ತಂತಿಯನ್ನು ಎರಡೆಳೆ ಹೊಸೆದು ತೂತಿನಲ್ಲಿ ತೂರಿಸಿ, ತುದಿ ಹೊರಕ್ಕೆ ಬಗ್ಗಿಸಿ ಬಿಗಿಯಬೇಕು. ಹರಿತವಾದ ಅಂಚನ್ನು ಕಲ್ಲಿನಿಂದ ಬಡಿದು ಮಡಿಸಬೇಕು. ಅವನು ಒತ್ತಿ ಹೇಳಿದ್ದು ಒಂದೇ: ನೀರು ಹಾಕದೆ ಒಲೆಯ ಮೇಲೆ ಇಡಬಾರದು. ಅವನು ಅನುಭವದಿಂದ ಹೇಳಿದ್ದಕ್ಕೆ ಕಾರಣ ಹೀಗಿದೆ. ತವರ 232 ಡಿಗ್ರಿಗೆ ಕರಗುತ್ತದೆ. ಒಳಗೆ ನೀರಿರುವಷ್ಟು ಹೊತ್ತು ತಗಡು ನೂರು ಡಿಗ್ರಿಯ ಆಸುಪಾಸು ಇರುತ್ತದೆ. ನೀರು ಆರಿತೋ, ಕಲಾಯಿ ಕರಗಿ ಹೋಗಿ ಬರೀ ಕಬ್ಬಿಣ ಉಳಿಯುತ್ತದೆ, ಎರಡು ದಿನದಲ್ಲಿ ತುಕ್ಕು. ಹಳೆಯ ಡಬ್ಬಿಗಳಲ್ಲಾದರೆ ಬೆಸುಗೆಯೂ ಬಿಡುತ್ತಿತ್ತು, ಅದು ತವರಕ್ಕಿಂತ ಬೇಗ ಕರಗುತ್ತದೆ.

ಆ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. 1845ರಲ್ಲಿ ಜಾನ್ ಫ್ರಾಂಕ್ಲಿನ್ ಎಂಬ ಬ್ರಿಟಿಷ್ ನಾವಿಕ ಎರಡು ಹಡಗಿನಲ್ಲಿ ಸಾವಿರಾರು ಡಬ್ಬಿ ಆಹಾರ ತುಂಬಿಕೊಂಡು ಕೆನಡಾದ ಉತ್ತರದ ಹಿಮಸಮುದ್ರಕ್ಕೆ ಹೋದ. 129 ಜನರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. 1980ರ ದಶಕದಲ್ಲಿ ಅವರಲ್ಲಿ ಮೂವರ ಸಮಾಧಿ ತೆಗೆದು ಪರೀಕ್ಷಿಸಿದಾಗ ದೇಹದಲ್ಲಿ ಬಹಳ ಸೀಸ ಕಂಡಿತು. ಅವರು ಸತ್ತದ್ದು ಸೀಸದಿಂದಲೇ ಎನ್ನುವುದನ್ನು ನಂತರದ ಸಂಶೋಧಕರು ಒಪ್ಪಿಲ್ಲ. ಹಸಿವು, ಚಳಿ, ರೋಗ ಎಲ್ಲ ಇತ್ತು. ಆದರೆ ಸೀಸ ವಿಷ ಎನ್ನುವುದರಲ್ಲಿ ಅನುಮಾನವಿಲ್ಲ. ಆದ್ದರಿಂದ ಅಟ್ಟದ ಮೇಲೆ ಅಜ್ಜನ ಕಾಲದ ಬೆಸುಗೆ ಡಬ್ಬ ಇದ್ದರೆ ಅದರಲ್ಲಿ ಕುಡಿಯುವ ನೀರು ಕಾಯಿಸಬೇಡಿ. ಗಿಡ ನೆಡಿ.

ಇಂದಿನ ಆಹಾರದ ಡಬ್ಬಿಗಳಲ್ಲಿ ಅಂಚನ್ನು ವಿದ್ಯುತ್ತಿನಿಂದ ಕೂಡಿಸುತ್ತಾರೆ, ಸೀಸ ಇಲ್ಲ. ಆದರೆ ಬಹಳಷ್ಟು ಡಬ್ಬಿಗಳ ಒಳಗೆ ಕಣ್ಣಿಗೆ ಕಾಣದ ರಾಳದ ಲೇಪ ಇರುತ್ತದೆ. ಅದು ಆಹಾರ ಕೆಡದಿರಲಿ ಎಂದು ಹಾಕಿದ್ದು, ದಿನಾ ಬೆಂಕಿಯ ಮೇಲೆ ಇಡಲಿ ಎಂದಲ್ಲ. ದಾರಿಯಲ್ಲಿ ಸಿಕ್ಕಿಬಿದ್ದಾಗ ಒಂದು ದಿನ ನೀರು ಕಾಯಿಸಿಕೊಳ್ಳುವುದು ಬೇರೆ, ವರ್ಷವಿಡೀ ಸಾರು ಕುದಿಸುವುದು ಬೇರೆ. ಹುಣಸೆ, ಟೊಮೆಟೊ ಹಾಕಿದ ಹುಳಿ ಅಡುಗೆ ಅದರಲ್ಲಿ ಬೇಡವೇ ಬೇಡ.

ಬಣ್ಣದ ಡಬ್ಬಿ, ಗ್ರೀಸ್ ಡಬ್ಬಿ, ಕೀಟನಾಶಕದ ಡಬ್ಬಿ ಎಷ್ಟು ತೊಳೆದರೂ ಪಾತ್ರೆ ಆಗುವುದಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಕಬ್ಬು ಕಡಿಯಲು ಬಂದ ಗ್ಯಾಂಗಿನ ಗುಡಿಸಲಿನ ಮುಂದೆ ಔಷಧಿಯ ಕ್ಯಾನಿನಲ್ಲಿ ಕುಡಿಯುವ ನೀರು ತುಂಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೀಟಿ ಕಿತ್ತು ಹೋಗಿತ್ತು. ಆ ಹೆಣ್ಣುಮಗಳು ಅದನ್ನು ಬದುವಿನಲ್ಲಿ ಆರಿಸಿ ತಂದಿದ್ದಳು, ಬೂದಿ ಹಾಕಿ ಮೂರು ಸಲ ತಿಕ್ಕಿದ್ದಳು. ತಪ್ಪು ಅವಳದಲ್ಲ. ಸಿಂಪಡಿಸಿದ ಮೇಲೆ ಕ್ಯಾನಿಗೆ ತೂತು ಹೊಡೆಯದೆ ಬದುವಿಗೆ ಎಸೆದವರದು. ಹೊಲದವರು ಇದನ್ನು ಓದುತ್ತಿದ್ದರೆ, ಖಾಲಿ ಕ್ಯಾನನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿದು, ಕ್ಯಾನಿನ ತಳ ತೂತು ಮಾಡಿ. ಮತ್ತೆ ಯಾರೂ ಅದಕ್ಕೆ ನೀರು ತುಂಬಲಾರರು.

ಪ್ಲಾಸ್ಟಿಕ್ ಬಂದ ಮೇಲೆ ನೀರಿನ ಕೊಡದ ಕೆಲಸ ತಗಡಿನ ಕೈತಪ್ಪಿತು. ಹೋಟೆಲು, ಮದುವೆ ಮನೆಯ ಹಿಂದೆ ಬಿದ್ದಿರುವ 15 ಕೆಜಿ ಅಡುಗೆ ಎಣ್ಣೆಯ ಚೌಕ ಡಬ್ಬ ಮಾತ್ರ ಉಳಿದಿದೆ. ಹತ್ತಿರ ಹೋಗಿ ನೋಡಿ, ಸೀಮೆಎಣ್ಣೆ ಡಬ್ಬದ ಅಚ್ಚು ಅದು.

ಆ ದಿನ ಚಹಾ ಮುಗಿದ ಮೇಲೆ ಅಜ್ಜ ಡಬ್ಬಿಗೆ ಒಂದು ಹಿಡಿ ಬೂದಿ ಹಾಕಿ, ಒಣಹುಲ್ಲಿನಿಂದ ತಿಕ್ಕಿ, ನೀರು ಚಿಮುಕಿಸಿ ಬಿಸಿಲಿಗೆ ಬೋರಲು ಹಾಕಿದ. ಹೊರಭಾಗ ತಿಕ್ಕಲಿಲ್ಲ. ಯಾಕೆ ಎಂದು ಕೇಳಿದೆ. ಕಪ್ಪಾಗಿದ್ದರೆ ಬೇಗ ಕಾಯುತ್ತದೆಯಂತೆ, ಮತ್ತೆ ಯಾರೂ ಕದಿಯುವುದಿಲ್ಲವಂತೆ. ಮಧ್ಯಾಹ್ನದ ಹೊತ್ತಿಗೆ ಅವರು ಮುಂದಿನ ಊರಿಗೆ ಹೊರಡುವವರಿದ್ದರು.